ರುಚಿ ಕೇಳಿ: ವಿಸ್ಕಿ ಪೀಪಾಯಿಯಲ್ಲಿ ಮಾಗಿದ ಕಪ್ಪು ಬಿಯರ್

ಹಿಂದಿನ ಸಂಚಿಕೆಯಲ್ಲಿ ಶಿಕಾಗೊದ ಚಳಿಗಾಲದ ಊಟೋಪಚಾರದ ಬಗ್ಗೆ ಬರೆಯುತ್ತಾ, ಬರ್ಬನ್ ವಿಸ್ಕಿಯ ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಮಾಗಿಸಿದ ಸ್ಟೌಟ್ ಎಂಬ ಕಪ್ಪು ಬಿಯರನ್ನು ಎರಡು ಸಾಲಿನಲ್ಲಿ ಹೊಗಳಿದ್ದೆ. ಆ ಎರಡು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಲೇಖನಕ್ಕೆ ಬರಲಿಲ್ಲ. ಕೆಲವರಿಗೆ ಕುತೂಹಲ, ಕೆಲವರಿಗೆ ಸಿಟ್ಟು, ಒಬ್ಬ ತಾಯಿಗೆ ಕಳವಳ. ಈ ತಿಂಗಳ ಪುಟವನ್ನು ಪೂರ್ತಿಯಾಗಿ ಅದಕ್ಕೇ ಕೊಡುತ್ತಿದ್ದೇನೆ. ಹೊಸ ಓದುಗರಿಗೆ ಒಂದು ಮಾತು: ನಾನು ಬಿಯರ್ ತಯಾರಿಸುವವಳಲ್ಲ. ಚಿಕ್ಕಮಗಳೂರಿನ ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ರುಚಿ ನೋಡುವ ಕೆಲಸ ಕಲಿತವಳು. ಮದುವೆಯಾಗಿ ಶಿಕಾಗೊಗೆ ಬಂದ ಮೇಲೂ ಕಾಫಿ ಹುರಿಯುವವರ ಬಳಿಯೇ ದುಡಿಯುತ್ತಿದ್ದೇನೆ. ಕಪ್ಪು ಬಿಯರಿನ ಕಡೆಗೆ ನನ್ನನ್ನು ಎಳೆದದ್ದು ಹುರಿದ ಕಾಳಿನ ವಾಸನೆ.

ಪ್ರಶ್ನೆ: ಮೇಡಂ, ಸಹೋದ್ಯೋಗಿಯೊಬ್ಬರು ಕ್ರಿಸ್‌ಮಸ್‌ಗೆ ಬರ್ಬನ್ ಪೀಪಾಯಿಯಲ್ಲಿ ಮಾಗಿಸಿದ ಇಂಪೀರಿಯಲ್ ಸ್ಟೌಟ್‌ನ ಎರಡು ಬಾಟಲಿ ಕೊಟ್ಟರು. ಶೇ 14 ಎಂದು ಬರೆದಿದೆ. ಒಂದನ್ನು ಫ್ರಿಜ್‌ನಿಂದ ತೆಗೆದು ದೊಡ್ಡ ಗ್ಲಾಸಿಗೆ ಸುರಿದು ಕುಡಿದೆ. ಕೆಮ್ಮಿನ ಔಷಧಿಯ ಹಾಗಿತ್ತು. ಅರ್ಧ ಚೆಲ್ಲಿಬಿಟ್ಟೆ. ಜನ ಇದನ್ನು ಇಷ್ಟೊಂದು ಮೆಚ್ಚುವುದೇಕೆ?
— ಓದುಗರೊಬ್ಬರು, ನೇಪರ್‌ವಿಲ್

ಉತ್ತರ: ಚೆಲ್ಲಿದ್ದನ್ನು ಓದಿ ಸಂಕಟವಾಯಿತು. ಉಳಿದ ಬಾಟಲಿಯನ್ನಾದರೂ ಕಾಪಾಡಿಕೊಳ್ಳೋಣ. ಬಹುಮಟ್ಟಿಗೆ ಇದು ಫ್ರಿಜ್‌ನ ಕೆಲಸ. ಬೇಸಿಗೆಯಲ್ಲಿ ಕುಡಿಯುವ ಹೊಂಬಣ್ಣದ ಲಾಗರ್‌ಗೆ ನಾಲ್ಕು ಡಿಗ್ರಿ ತಂಪು ಒಪ್ಪುತ್ತದೆ, ಏಕೆಂದರೆ ಅದರಿಂದ ನಾವು ಬಯಸುವುದು ತಂಪನ್ನೇ. ಸ್ಟೌಟ್ ಅಷ್ಟು ತಣ್ಣಗಿದ್ದರೆ ಪರಿಮಳ ಮೇಲೇಳುವುದಿಲ್ಲ, ನಾಲಿಗೆಗೆ ಸಿಹಿ ಸರಿಯಾಗಿ ತಿಳಿಯುವುದಿಲ್ಲ, ಕಹಿ ಮತ್ತು ಒಗರು ಮಾತ್ರ ಮುಂದೆ ಬರುತ್ತವೆ. ಅದರ ಹಿಂದೆಯೇ ಮದ್ಯಸಾರದ ಉರಿ. ಔಷಧಿ ಎನ್ನಿಸಿದ್ದು ಸಹಜ.

ಬಾಟಲಿಯನ್ನು ಹೊರಗೆ ತೆಗೆದು ಮುಕ್ಕಾಲು ಗಂಟೆ ಅಡುಗೆಮನೆಯ ಕಟ್ಟೆಯ ಮೇಲಿಡಿ. ಹನ್ನೆರಡು–ಹದಿಮೂರು ಡಿಗ್ರಿ ಸೆಲ್ಸಿಯಸ್‌ಗೆ ಬಂದರೆ ಸಾಕು. ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗಿರುವ ಬ್ರಾಂಡಿ ಗ್ಲಾಸು ಉತ್ತಮ, ಇಲ್ಲದಿದ್ದರೆ ವೈನ್ ಗ್ಲಾಸು ನಡೆಯುತ್ತದೆ. ಒಬ್ಬೊಬ್ಬರಿಗೆ ನೂರು ಮಿಲಿಲೀಟರಿಗಿಂತ ಹೆಚ್ಚು ಸುರಿಯಬೇಡಿ. ಲೆಕ್ಕ ಹಾಕಿ ನೋಡಿ: 500 ಮಿಲಿಲೀಟರಿನ ಬಾಟಲಿಯಲ್ಲಿ ಶೇ 14 ಎಂದರೆ 70 ಮಿಲಿಲೀಟರ್ ಶುದ್ಧ ಮದ್ಯಸಾರ, ತೂಕದಲ್ಲಿ ಸುಮಾರು 55 ಗ್ರಾಂ. ಅಮೆರಿಕದಲ್ಲಿ ಒಂದು ಡ್ರಿಂಕ್ ಎಂದು ಲೆಕ್ಕ ಹಿಡಿಯುವುದು 14 ಗ್ರಾಂ. ಅಂದರೆ ಒಂದೇ ಬಾಟಲಿಯಲ್ಲಿ ಹೆಚ್ಚುಕಡಿಮೆ ನಾಲ್ಕು ಡ್ರಿಂಕ್ ಅಡಗಿದೆ. ನಾಲ್ಕು ಜನರನ್ನು ಕರೆಯಿರಿ. ಇದು ಒಬ್ಬರೇ ಕುಳಿತು ಮುಗಿಸುವ ಪಾನೀಯವಲ್ಲ.

ದೀಪಕ್ಕೆ ಹಿಡಿದರೂ ಬೆಳಕು ಆಚೆಗೆ ದಾಟುವುದಿಲ್ಲ. ಕಂದು ನೊರೆ ಎದ್ದು ಬೇಗನೆ ಇಳಿದುಹೋಗುತ್ತದೆ. ಇಷ್ಟು ಮದ್ಯಸಾರವಿರುವಲ್ಲಿ ನೊರೆ ನಿಲ್ಲುವುದು ಕಷ್ಟ, ಬಾಟಲಿ ಹಳತಾಗಿದೆ ಎಂದು ಹೆದರಬೇಡಿ. ಮೂಗನ್ನು ಒಮ್ಮೆಲೇ ಗ್ಲಾಸಿನೊಳಗೆ ಇಳಿಸಿದರೆ ಘಾಟಿಗೆ ಮೂಗು ಮರಗಟ್ಟಿ ಮುಂದಿನದೇನೂ ತಿಳಿಯುವುದಿಲ್ಲ. ಮೊದಲು ಗ್ಲಾಸನ್ನು ಗಲ್ಲದ ಬಳಿ ಹಿಡಿದು ಉಸಿರೆಳೆದುಕೊಳ್ಳಿ. ಅಲ್ಲಿ ಸಿಗುವುದು ವೆನಿಲ್ಲಾ, ಒಣಕೊಬ್ಬರಿ, ಹಸಿ ಮರದ ಒಂದು ಎಳೆ. ಇವು ಪೀಪಾಯಿಯವು. ನಿಧಾನವಾಗಿ ಮೇಲಕ್ಕೆ ತನ್ನಿ. ಕಡು ಹುರಿದ ಕಾಫಿ, ಕಹಿ ಚಾಕೊಲೇಟ್, ಸುಟ್ಟ ಸಕ್ಕರೆ: ಇವು ಬಿಯರಿಗೆ ಬಳಸುವ ಹುರಿದ ಬಾರ್ಲಿಯವು. ಇನ್ನೂ ಸ್ವಲ್ಪ ಕಾದರೆ ಖರ್ಜೂರ, ಒಣದ್ರಾಕ್ಷಿ, ಕೆಲವು ಬಾಟಲಿಗಳಲ್ಲಿ ಒಣ ತಂಬಾಕು. ಮೊದಲ ಗುಟುಕಿನ ಮೇಲೆ ತೀರ್ಪು ಕೊಡಬೇಡಿ, ಅದು ಬಾಯಿಯನ್ನು ಒಗ್ಗಿಸುವುದಕ್ಕೆ. ಎರಡನೆಯದನ್ನು ನಾಲಿಗೆಯ ಮೇಲೆಲ್ಲ ಹರಡಿ, ನುಂಗಿ, ತುಟಿ ಮುಚ್ಚಿಕೊಂಡು ಮೂಗಿನಿಂದ ಉಸಿರು ಬಿಡಿ. ನಾವು ರುಚಿ ಎಂದು ಕರೆಯುವುದರಲ್ಲಿ ಹೆಚ್ಚಿನ ಪಾಲು ಆ ಉಸಿರಿನಲ್ಲಿದೆ.

ಕ್ಯೂರಿಂಗ್ ವರ್ಕ್ಸ್‌ನಲ್ಲಿ ನಮ್ಮ ಹಿರಿಯ ಟೇಸ್ಟರ್ ಒಂದು ಕಟ್ಟುನಿಟ್ಟು ಮಾಡಿದ್ದರು. ಮೇಜಿನ ಸುತ್ತ ಎಲ್ಲರೂ ಬರೆದು ಮುಗಿಸುವ ತನಕ ಯಾರೂ ಬಾಯಿ ಬಿಡುವಂತಿಲ್ಲ. ಒಬ್ಬರು ‘ಚಾಕೊಲೇಟ್’ ಎಂದುಬಿಟ್ಟರೆ ಉಳಿದವರ ಬಾಯಿಗೂ ಚಾಕೊಲೇಟೇ ಬರುತ್ತದೆ. ನಿಮ್ಮ ಮನೆಯಲ್ಲೂ ಹಾಗೆಯೇ ಮಾಡಿ. ಆದರೆ ಕಾಫಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಕಾಫಿಯನ್ನು ಬಿಸಿಯಿದ್ದಾಗ, ಉಗುರುಬೆಚ್ಚಗಾದಾಗ, ತಣಿದಾಗ ಮತ್ತೆ ಮತ್ತೆ ನೋಡುತ್ತೇವೆ, ದೋಷಗಳು ತಣಿದಂತೆ ಹೊರಬೀಳುತ್ತವೆ. ಈ ಬಿಯರನ್ನು ಅದು ಬೆಚ್ಚಗಾಗುತ್ತಾ ಹೋದಂತೆ ಮತ್ತೆ ಮತ್ತೆ ನೋಡಬೇಕು. ಹದಿನಾರು ಡಿಗ್ರಿಯ ಹೊತ್ತಿಗೆ ಅದರಲ್ಲಿ ಇರುವುದೆಲ್ಲ ಹೊರಗೆ ಬಂದಿರುತ್ತದೆ, ಇಲ್ಲದ್ದೂ ಗೊತ್ತಾಗಿಬಿಡುತ್ತದೆ.

ಆಗ ನಾನು ಹುಡುಕುವುದು ಒಂದನ್ನೇ: ಕೊನೆಯ ಗುಟುಕಿನಲ್ಲಿ ಬಾರ್ಲಿ ಇನ್ನೂ ಇದೆಯೇ? ಇಂದು ಮಾರುಕಟ್ಟೆಯಲ್ಲಿರುವ ಎಷ್ಟೋ ಬಾಟಲಿಗಳಲ್ಲಿ ವಿಸ್ಕಿಯ ಘಾಟು ಮತ್ತು ಸಿಹಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಜನ ಅದನ್ನೇ ಹೊಗಳುವುದನ್ನು ಕೇಳಿದಾಗ ನನಗೆ ನಿಜವಾಗಿ ಬೇಸರವಾಗುತ್ತದೆ. ತೆಳ್ಳಗಿನ ಸ್ಟೌಟನ್ನು ಒಂದು ವರ್ಷ ಪೀಪಾಯಿಯಲ್ಲಿಟ್ಟರೆ ಮರದ ಒಗರು ಅದನ್ನು ನುಂಗಿಹಾಕುತ್ತದೆ. ಮೊದಲೇ ಗಟ್ಟಿಯಾಗಿ, ಎಣ್ಣೆಯಂತೆ ದಪ್ಪವಾಗಿ, ಹುರಿದ ಕಹಿಯಿಂದ ತುಂಬಿದ ಬಿಯರ್ ಮಾತ್ರ ಪೀಪಾಯಿಯೊಳಗೆ ತನ್ನತನ ಉಳಿಸಿಕೊಂಡು ಹೊರಬರುತ್ತದೆ.

ಪ್ರಶ್ನೆ: ತಂಗಿ, ನಾನು ನಿವೃತ್ತ ಉಪಾಧ್ಯಾಯ. ಕುಡಿಯುವವನಲ್ಲ, ಆದರೆ ನಿನ್ನ ಅಂಕಣ ತಪ್ಪದೆ ಓದುತ್ತೇನೆ. ಬಿಯರನ್ನು ವಿಸ್ಕಿ ಪೀಪಾಯಿಗೆ ಹಾಕುವುದೆಂದರೆ ಬಿಯರಿಗೆ ವಿಸ್ಕಿ ಬೆರೆಸಿದಂತೆಯೇ ಅಲ್ಲವೇ? ಇದನ್ನು ಕಲಬೆರಕೆ ಎನ್ನದೆ ಕಲೆ ಎನ್ನುವುದು ಹೇಗೆ?
— ಹಿರಿಯ ಓದುಗರು, ಮೈಸೂರು

ಉತ್ತರ: ಸರ್, ನೀವು ಕುಡಿಯದೆ ಕೇಳಿದ ಪ್ರಶ್ನೆ ಕುಡಿಯುವವರಿಗೂ ಹೊಳೆಯುವುದಿಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ಎನಿಸಿಕೊಳ್ಳಬೇಕಾದರೆ ಧಾನ್ಯದಲ್ಲಿ ಕನಿಷ್ಠ ಶೇ 51 ಮೆಕ್ಕೆಜೋಳವಿರಬೇಕು, ಒಳಮೈಯನ್ನು ಸುಟ್ಟು ಇದ್ದಿಲಾಗಿಸಿದ ಹೊಸ ಓಕ್ ಪೀಪಾಯಿಯಲ್ಲೇ ಅದನ್ನು ಇಡಬೇಕು. ಹೊಸದು ಎಂಬ ಮಾತೇ ಇಲ್ಲಿ ಮುಖ್ಯ. ಒಮ್ಮೆ ಬರ್ಬನ್ ತುಂಬಿ ತೆಗೆದ ಪೀಪಾಯಿ ಬರ್ಬನ್‌ಗೆ ಮತ್ತೆ ಬರುವುದಿಲ್ಲ. ಸುಮಾರು 200 ಲೀಟರ್ ಹಿಡಿಯುವ, ಇನ್ನೂ ಗಟ್ಟಿಮುಟ್ಟಾದ ಈ ಪೀಪಾಯಿಗಳು ಸ್ಕಾಟ್ಲೆಂಡಿಗೆ, ಐರ್ಲೆಂಡಿಗೆ, ರಮ್ ತಯಾರಿಸುವ ದ್ವೀಪಗಳಿಗೆ ಹೋಗುತ್ತವೆ. ನಮ್ಮ ಬೆಂಗಳೂರಿಗೂ ಬರುತ್ತವೆ, ಅದನ್ನು ಮುಂದೆ ಹೇಳುತ್ತೇನೆ.

ಮರವನ್ನು ಸುಟ್ಟಾಗ ಅದರ ಲಿಗ್ನಿನ್ ಒಡೆದು ವೆನಿಲ್ಲಿನ್ ಹುಟ್ಟುತ್ತದೆ. ವೆನಿಲ್ಲಾದ ಪರಿಮಳಕ್ಕೂ ಅದೇ ಮೂಲ. ಮರದೊಳಗಿನ ಸಕ್ಕರೆಯಂಥ ಅಂಶಗಳು ಕಂದಾಗಿ ಕ್ಯಾರಮೆಲ್ ವಾಸನೆ ಕೊಡುತ್ತವೆ. ಕೊಬ್ಬರಿಯ ವಾಸನೆ ಓಕ್ ಮರದ ಲ್ಯಾಕ್ಟೋನ್‌ಗಳದ್ದು. ಒಗರು ಟ್ಯಾನಿನ್‌ನದ್ದು. ಖಾಲಿ ಮಾಡಿದ ಮೇಲೂ ಹಲಗೆಗಳು ಕೆಲವು ಲೀಟರಿನಷ್ಟು ವಿಸ್ಕಿಯನ್ನು ಹೀರಿಕೊಂಡಿರುತ್ತವೆ. ಬಿಯರ್ ಅದನ್ನು ಸೆಳೆದುಕೊಳ್ಳುತ್ತದೆ, ಮದ್ಯಸಾರ ಶೇಕಡಾ ಒಂದೆರಡು ಅಂಶ ಏರುತ್ತದೆ. ಹಾಗಾಗಿ ವಿಸ್ಕಿ ಒಳಗೆ ಸೇರುವುದು ನಿಜ, ನಿಮ್ಮ ಸಂಶಯ ಸುಳ್ಳಲ್ಲ. ಆದರೆ ಉಳಿದ ಕೆಲಸ ಕಾಲದ್ದು. ಬೇಸಿಗೆಯ ಸೆಕೆಗೆ ಬಿಯರ್ ಮರದೊಳಕ್ಕೆ ಇಳಿಯುತ್ತದೆ, ಚಳಿಗೆ ಹೊರಕ್ಕೆ ಬರುತ್ತದೆ, ಹಲಗೆಗಳ ಮೂಲಕ ಗಾಳಿ ಸೂಕ್ಷ್ಮವಾಗಿ ಒಳಸೇರಿ ಚೂಪನ್ನು ಮೊಂಡು ಮಾಡುತ್ತದೆ. ಹತ್ತು ಹನ್ನೆರಡು ತಿಂಗಳು ಹೀಗೆ ನಡೆಯುತ್ತದೆ. ಬಾಟಲಿಯಿಂದ ವಿಸ್ಕಿ ಸುರಿದು ಬೆರೆಸಿದರೆ ಘಾಟು ಬಂದೀತೇ ಹೊರತು ಇದು ಬಾರದು.

ನೀವು ಮೈಸೂರಿನವರು, ಕಾಫಿಯ ಉದಾಹರಣೆ ಕೊಡುತ್ತೇನೆ. ಹಾಯಿಹಡಗಿನ ಕಾಲದಲ್ಲಿ ನಮ್ಮ ಕರಾವಳಿಯಿಂದ ಹೊರಟ ಕಾಫಿ ಆಫ್ರಿಕಾದ ತುದಿ ಸುತ್ತಿ ತಿಂಗಳುಗಟ್ಟಲೆ ಕಡಲ ತೇವ ಕುಡಿದು ಯುರೋಪ್ ಮುಟ್ಟುತ್ತಿತ್ತು. ಅಷ್ಟರಲ್ಲಿ ಹಸಿರು ಕಾಳು ಊದಿ ಹೊಂಬಣ್ಣಕ್ಕೆ ತಿರುಗಿ, ಹುಳಿ ಇಳಿದು, ಬೇರೆಯೇ ಕಾಫಿಯಾಗಿರುತ್ತಿತ್ತು. ಹಡಗುಗಳು ವೇಗವಾದ ಮೇಲೆ ಆ ರುಚಿ ತಪ್ಪಿತು. ಈಗ ಮಂಗಳೂರಿನ ಕಡೆಯ ಗೋದಾಮುಗಳಲ್ಲಿ ಮುಂಗಾರಿನ ಗಾಳಿಗೆ ಕಾಳು ಹರಡಿ ಅದನ್ನೇ ಬೇಕೆಂದು ಮಾಡುತ್ತಾರೆ. ‘ಮಾನ್ಸೂನ್ಡ್ ಮಲಬಾರ್’ ಎಂದು ಜಗತ್ತು ಅದನ್ನು ಕೊಂಡಾಡುತ್ತದೆ. ಅದನ್ನು ಯಾರೂ ಕಲಬೆರಕೆ ಎನ್ನುವುದಿಲ್ಲ. ಪೀಪಾಯಿ ಬಿಯರನ್ನೂ ನಾನು ಅದೇ ಸಾಲಿನಲ್ಲಿ ಇಡುತ್ತೇನೆ.

ಗಡುಸಾದ ಕಪ್ಪು ಬಿಯರ್ ಹಳೆಯದು. ಹದಿನೆಂಟನೆಯ ಶತಮಾನದಲ್ಲಿ ಲಂಡನ್ನಿನ ಸದರ್ಕ್‌ನಲ್ಲಿದ್ದ ಹೆನ್ರಿ ಥ್ರೇಲ್ ಅವರ ಆ್ಯಂಕರ್ ಬ್ರೂವರಿಯಿಂದ ಅದು ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನ್‌ಳ ಆಸ್ಥಾನಕ್ಕೆ ಹೋಗುತ್ತಿತ್ತು. ‘ಇಂಪೀರಿಯಲ್’ ಎಂಬ ವಿಶೇಷಣ ಅಲ್ಲಿಯದು. ಥ್ರೇಲ್ ತೀರಿಕೊಂಡ ಮೇಲೆ, 1781ರಲ್ಲಿ, ಆ ಬ್ರೂವರಿ 1,35,000 ಪೌಂಡಿಗೆ ಮಾರಾಟವಾಗಿ ಬಾರ್ಕ್ಲೇ ಪರ್ಕಿನ್ಸ್ ಆಯಿತು. ಬರ್ಬನ್ ಪೀಪಾಯಿಯ ಪ್ರಯೋಗ ಮಾತ್ರ ನಮ್ಮ ಶಿಕಾಗೊದ್ದು. 1988ರಲ್ಲಿ ಜಾನ್ ಹಾಲ್ ಇಲ್ಲಿನ ಕ್ಲೈಬರ್ನ್ ಅವೆನ್ಯೂನಲ್ಲಿ ಗೂಸ್ ಐಲೆಂಡ್ ಎಂಬ ಬ್ರೂಪಬ್, ಅಂದರೆ ಬಿಯರನ್ನು ಅಲ್ಲೇ ತಯಾರಿಸಿ ಅಲ್ಲೇ ಬಡಿಸುವ ಪಬ್, ತೆರೆದರು. ಅವರ ಮಗ ಗ್ರೆಗ್ ಹಾಲ್ ಒಂದು ಔತಣದಲ್ಲಿ ಬರ್ಬನ್ ತಯಾರಿಸುವ ಜಿಮ್ ಬೀಮ್ ಮನೆತನದ ಬುಕರ್ ನೋ ಅವರನ್ನು ಭೇಟಿಯಾಗಿ ಆರು ಖಾಲಿ ಪೀಪಾಯಿ ತರಿಸಿಕೊಂಡರು. ತಮ್ಮ ಸಾವಿರದನೆಯ ತಯಾರಿಗಾಗಿ ಗಟ್ಟಿ ಸ್ಟೌಟ್ ಮಾಡಿ ಅವುಗಳಲ್ಲಿ ತುಂಬಿದರು. ಅದೇ ‘ಬರ್ಬನ್ ಕೌಂಟಿ ಸ್ಟೌಟ್’. ಅದು ಹುಟ್ಟಿದ್ದು 1992ರಲ್ಲಿ ಎಂದು ಬ್ರೂವರಿ ಬಹುಕಾಲ ಹೇಳಿಕೊಂಡು ಬಂದಿತ್ತು. ಡೆನ್ವರ್‌ನ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್‌ಗೆ ಅದು ಹೋದದ್ದು 1995ರಲ್ಲಿ. ಅಲ್ಲಿ ಅದನ್ನು ಸೇರಿಸಲು ಸರಿಹೊಂದುವ ವಿಭಾಗವೇ ಇರಲಿಲ್ಲ. ಇಂದು ಪೀಪಾಯಿಯಲ್ಲಿ ಮಾಗಿದ ಬಿಯರಿಗಾಗಿಯೇ ಶಿಕಾಗೊದಲ್ಲಿ ಪ್ರತಿವರ್ಷ ಪ್ರತ್ಯೇಕ ಉತ್ಸವ ನಡೆಯುತ್ತದೆ.

ಪ್ರಶ್ನೆ: ನೆಲಮಾಳಿಗೆಯಲ್ಲಿ 2015ರ ಬರ್ಬನ್ ಕೌಂಟಿ ಸ್ಟೌಟ್ ಇದೆ. ಇಟ್ಟಷ್ಟೂ ಒಳ್ಳೆಯದಾಗುತ್ತದೆ ಎಂದು ಸ್ನೇಹಿತರು ಹೇಳುತ್ತಾರೆ. ಇನ್ನೂ ಇಡಲೇ?
— ಓದುಗರೊಬ್ಬರು, ಮಿಲ್ವಾಕಿ

ಉತ್ತರ: ಇಡಬೇಡಿ, ಈ ವಾರವೇ ತೆರೆಯಿರಿ. ಆ ವರ್ಷದ ತಯಾರಿಯ ಒಂದು ಪಾಲಿಗೆ ಲ್ಯಾಕ್ಟೊಬ್ಯಾಸಿಲಸ್ ಎಂಬ ಹುಳಿ ಬರಿಸುವ ಬ್ಯಾಕ್ಟೀರಿಯಾ ಸೇರಿಕೊಂಡಿತ್ತು. ಗೂಸ್ ಐಲೆಂಡ್ 2016ರಲ್ಲಿ ಅದನ್ನು ಒಪ್ಪಿಕೊಂಡು ಗ್ರಾಹಕರಿಗೆ ಹಣ ಹಿಂದಿರುಗಿಸಿತು, ಮುಂದಿನ ತಯಾರಿಯಿಂದ ಪಾಶ್ಚರೀಕರಣ ಶುರು ಮಾಡಿತು. ಆರೋಗ್ಯಕ್ಕೆ ಅಪಾಯವಿಲ್ಲ, ಆದರೆ ನಿಮ್ಮ ಬಾಟಲಿ ಹುಳಿಯಾಗಿದ್ದರೆ ಬೇಸರಪಡಬೇಡಿ.

ಇಟ್ಟಷ್ಟೂ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಎರಡು ಮೂರು ವರ್ಷದಲ್ಲಿ ಮದ್ಯಸಾರದ ಉರಿ ತಗ್ಗಿ ಒಣಹಣ್ಣಿನ ರುಚಿ ಮೇಲೆ ಬರುತ್ತದೆ, ಅದು ನಿಜವಾಗಿಯೂ ಸೊಗಸು. ಅದರಾಚೆಗೆ ಸೋಯಾ ಸಾಸ್ ಮತ್ತು ಒದ್ದೆ ರಟ್ಟಿನ ವಾಸನೆ ಶುರುವಾಗುತ್ತದೆ. ಕಾಫಿ ಹಾಕಿ ಮಾಡಿದ ಸ್ಟೌಟ್‌ಗಳಂತೂ ಬಂದ ವರ್ಷವೇ ಮುಗಿಯಬೇಕು. ಮಿಷಿಗನ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಫೌಂಡರ್ಸ್ ಬ್ರೂವರಿಯವರು ಊರಿನ ಕೆಳಗಿರುವ ಹಳೆಯ ಜಿಪ್ಸಮ್ ಗಣಿಯಲ್ಲಿ ಪೀಪಾಯಿಗಳನ್ನಿಟ್ಟು ಮಾಗಿಸುವ ಕೆಬಿಎಸ್ ಎಂಬ ಸ್ಟೌಟ್‌ನಲ್ಲಿ ಕಾಫಿ ಮತ್ತು ಚಾಕೊಲೇಟ್ ಇರುತ್ತವೆ. ಮೊದಲು ಮಾಯವಾಗುವುದು ಆ ಕಾಫಿಯ ಘಮ, ಆಮೇಲೆ ಉಳಿಯುವುದು ಹಸಿಮೆಣಸಿನಕಾಯಿಯಂಥ ಒಂದು ಹಸಿ ವಾಸನೆ. ಒಂದೇ ಬಗೆಯ ಎರಡು ಬಾಟಲಿ ಕೊಂಡು ಒಂದನ್ನು ಈಗ, ಇನ್ನೊಂದನ್ನು ಎರಡು ವರ್ಷದ ನಂತರ ತೆರೆಯಿರಿ. ಕತ್ತಲೆಯಲ್ಲಿ, ನಿಲ್ಲಿಸಿ ಇಡಿ. ಮಲಗಿಸಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಇಷ್ಟೊಂದು ಬ್ರೂಪಬ್‌ಗಳಿವೆ, ಇಂಥದ್ದೇಕೆ ಸಿಗುವುದಿಲ್ಲ?
— ಓದುಗರೊಬ್ಬರು, ಜಯನಗರ

ಉತ್ತರ: ಕಾನೂನು. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲಿ ಬಿಯರ್ ಎಂದರೆ ಶೇ 8ರೊಳಗೆ ಇರಬೇಕು. ಶೇ 14ರದ್ದನ್ನು ಬಿಯರ್ ಎಂಬ ಹೆಸರಿನಲ್ಲಿ ಮಾರುವಂತಿಲ್ಲ. 2011ರಲ್ಲಿ ಲ್ಯಾವೆಲ್ ರಸ್ತೆಯ ಬಿಯರ್ ಕ್ಲಬ್ ಬಾಗಿಲು ತೆರೆದಂದಿನಿಂದ ಊರಿನಲ್ಲಿ ಒಳ್ಳೆಯ ಸ್ಟೌಟ್‌ಗಳಿಗೆ ಕೊರತೆಯಿಲ್ಲ, ಆದರೆ ಎಲ್ಲವೂ ಆ ಮಿತಿಯೊಳಗಿನವು.

ನನಗೆ ಇದು ಮನಸ್ಸಿಗೆ ಹತ್ತಿರದ ವಿಷಯ, ಏಕೆಂದರೆ ಪೀಪಾಯಿಗಳು ಅಲ್ಲೇ ಇವೆ. ಮೈಸೂರು ರಸ್ತೆಯ ಕಂಬೀಪುರದಲ್ಲಿ ಅಮೃತ್ ಡಿಸ್ಟಿಲರೀಸ್ ತನ್ನ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಬರ್ಬನ್ ಕಳೆದ ಪೀಪಾಯಿಗಳಲ್ಲೂ ಮಾಗಿಸುತ್ತದೆ. 2004ರಲ್ಲಿ ಅದನ್ನು ಮೊದಲು ಬಿಡುಗಡೆ ಮಾಡಿದ್ದು ಗ್ಲಾಸ್ಗೊದಲ್ಲಿ, ವಿಸ್ಕಿಯ ತವರಿನಲ್ಲೇ. ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇ 2ರಷ್ಟು ಮದ್ಯ ಪೀಪಾಯಿಯಿಂದ ಆವಿಯಾದರೆ ಬೆಂಗಳೂರಿನ ಹವೆಗೆ ಶೇ 10ಕ್ಕೂ ಮೀರಿ ಹೋಗುತ್ತದೆ. ಅಂದರೆ ಮರದ ಕೆಲಸ ಅಲ್ಲಿ ಬಹಳ ವೇಗ. ಶಿಕಾಗೊದಲ್ಲಿ ವರ್ಷ ಹಿಡಿಯುವುದು ಅಲ್ಲಿ ಕೆಲವೇ ತಿಂಗಳಲ್ಲಿ ಆದೀತು ಎಂಬುದು ನನ್ನ ಊಹೆ. ಮಿತಿಯೊಳಗಿನ ಸ್ಟೌಟನ್ನೇ ಅಂಥ ಪೀಪಾಯಿಯಲ್ಲಿ ಆರು ವಾರ ಇಟ್ಟು ನೋಡುವ ಬ್ರೂವರ್ ಸಿಕ್ಕರೆ ದಯವಿಟ್ಟು ನನಗೆ ಬರೆಯಿರಿ. ಊರಿಗೆ ಬಂದಾಗ ತಪ್ಪದೆ ಹೋಗುತ್ತೇನೆ.

ಪ್ರಶ್ನೆ: ಜೊತೆಗೆ ಏನು ತಿನ್ನಬೇಕು?
— ಓದುಗರೊಬ್ಬರು, ಡಲ್ಲಾಸ್

ಉತ್ತರ: ಖಾರದ್ದು ಬೇಡ. ಮೆಣಸಿನಕಾಯಿಯ ಉರಿಯನ್ನು ಮದ್ಯಸಾರ ಇನ್ನಷ್ಟು ಹೆಚ್ಚಿಸುತ್ತದೆ, ಎರಡರ ರುಚಿಯೂ ಕೆಡುತ್ತದೆ. ಕಡಲೆಕಾಯಿ ಚಿಕ್ಕಿ, ನೀಲಿ ಗೆರೆಯ ಬ್ಲೂ ಚೀಸ್, ಸಿಹಿ ಕಡಿಮೆ ಇರುವ ಚಾಕೊಲೇಟ್, ಇವುಗಳಲ್ಲಿ ಯಾವುದಾದರೂ ಒಂದು. ಪಕ್ಕದಲ್ಲಿ ನೀರು ಕಡ್ಡಾಯ.

ಪ್ರಶ್ನೆ: ನನ್ನ ಮಗ ಅಮೆರಿಕದಲ್ಲೇ ಕೆಲಸದಲ್ಲಿದ್ದಾನೆ. ಫೋನಿನಲ್ಲಿ ಇಂಥ ಬಿಯರಿನ ಬಗ್ಗೆ ಸಂಗೀತದ ಬಗ್ಗೆ ಮಾತನಾಡುವ ಹಾಗೆ ಮಾತನಾಡುತ್ತಾನೆ. ನೀವೂ ಹಾಗೆಯೇ ಬರೆದಿದ್ದೀರಿ. ಓದಿದವರು ಹೀಗೆ ಬರೆದರೆ ನಮ್ಮಂಥ ತಾಯಂದಿರು ಏನು ಹೇಳಬೇಕು?
— ತಾಯಿಯೊಬ್ಬರು, ಹುಬ್ಬಳ್ಳಿ

ಉತ್ತರ: ಅಮ್ಮಾ, ನಿಮ್ಮ ಪತ್ರವನ್ನು ಎಲ್ಲಕ್ಕಿಂತ ಮೊದಲು ಓದಿದೆ, ಉತ್ತರಕ್ಕೆ ಎಲ್ಲಕ್ಕಿಂತ ಹೆಚ್ಚು ಯೋಚಿಸಿದೆ. ಮದ್ಯದಿಂದ ದೇಹಕ್ಕೆ ಒಳಿತಿದೆ ಎಂದು ನಾನು ಎಂದೂ ಬರೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯಪಾನೀಯಗಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಇಷ್ಟು ಕುಡಿದರೆ ಅಪಾಯವೇ ಇಲ್ಲ ಎನ್ನುವ ಪ್ರಮಾಣವಿಲ್ಲ ಎಂದು 2023ರಲ್ಲಿ ಸಂಸ್ಥೆ ಸ್ಪಷ್ಟವಾಗಿ ಹೇಳಿತು. ಕುಡಿಯದವರು ಈ ಅಂಕಣ ಓದಿ ಶುರುಮಾಡಬಾರದು, ಇದು ನನ್ನ ಕಳಕಳಿಯ ಮಾತು.

ನಿಮ್ಮ ಮಗನನ್ನು ಏನು ಕುಡಿಯುತ್ತೀಯ ಎಂದು ಕೇಳಬೇಡಿ, ಅವನು ಒಂದು ಗಂಟೆ ವರ್ಣಿಸುತ್ತಾನೆ. ಬಾಟಲಿಯನ್ನು ಎಷ್ಟು ಜನ ಹಂಚಿಕೊಂಡಿರಿ ಎಂದು ಕೇಳಿ. ನಾಲ್ಕು ಜನ ಎಂದರೆ ಅವನು ರುಚಿ ನೋಡುತ್ತಿದ್ದಾನೆ. ಒಬ್ಬನೇ ಎಂದರೆ, ಅದೂ ವಾರದ ನಡುವೆ ಎಂದರೆ, ನಿಮ್ಮ ಕಳವಳಕ್ಕೆ ಕಾರಣವಿದೆ. ಆಗ ಸುಮ್ಮನಿರಬೇಡಿ. ಮನೆಗೆ ಹೇಗೆ ಹೋದೆ ಎಂದೂ ಕೇಳಿ, ಈ ಬಿಯರ್ ಕುಡಿದು ಯಾರೂ ಕಾರು ಓಡಿಸಬಾರದು. ನನ್ನ ಅತ್ತೆಯವರು ನಮ್ಮಲ್ಲಿಗೆ ಬಂದು ಇರುವಷ್ಟು ದಿನ ನಾನು ಬಾಟಲಿ ತೆರೆಯುವುದಿಲ್ಲ. ಅವರಿಗೆ ಗೊತ್ತಿಲ್ಲವೆಂದಲ್ಲ, ಅವರ ಮನಸ್ಸಿಗೆ ಅದು ಒಪ್ಪುವುದಿಲ್ಲ. ನಿಮ್ಮ ಮಗನಿಂದಲೂ ನೀವು ಇಷ್ಟನ್ನು ಕೇಳಬಹುದು, ಕೇಳುವ ಹಕ್ಕು ನಿಮಗಿದೆ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಬಿಯರಿನಲ್ಲಿ ಮೀನಿನ ಅಂಶ ಇರುತ್ತದೆ ಎಂದು ಕೇಳಿದೆ. ನಿಜವೇ?
— ದಂಪತಿ, ಎಡಿಸನ್

ಉತ್ತರ: ಕೆಲವು ಕಡೆ ನಿಜ. ಬ್ರಿಟನ್ನಿನ ಏಲ್ ಎಂಬ ಸಾಂಪ್ರದಾಯಿಕ ಬಿಯರುಗಳನ್ನು ತಿಳಿಯಾಗಿಸಲು ಮೀನಿನ ಗಾಳಿಚೀಲದಿಂದ ತೆಗೆದ ಐಸಿನ್‌ಗ್ಲಾಸ್ ಬಳಸುವ ರೂಢಿಯಿದೆ. ಐರ್ಲೆಂಡಿನ ಸ್ಟೌಟ್ ತಯಾರಕರಾದ ಗಿನ್ನೆಸ್ ಕೂಡ ಬಳಸುತ್ತಿತ್ತು, ಬಿಡುವುದಾಗಿ 2015ರಲ್ಲಿ ಪ್ರಕಟಿಸಿತು. ಪೀಪಾಯಿಯಲ್ಲಿ ಮಾಗುವ ಸ್ಟೌಟ್‌ಗೆ ಅದರ ಅಗತ್ಯ ಅಷ್ಟಾಗಿ ಬೀಳುವುದಿಲ್ಲ, ತಿಂಗಳುಗಟ್ಟಲೆ ನಿಂತಾಗ ಯೀಸ್ಟ್ ತಾನಾಗಿ ತಳ ಸೇರುತ್ತದೆ, ಕಪ್ಪು ಬಿಯರಿಗೆ ತಿಳಿಯ ಹಂಬಲವೂ ಕಡಿಮೆ. ಆದರೂ ಬಾಟಲಿಯ ಮೇಲೆ ಇದೆಲ್ಲ ಬರೆದಿರುವುದಿಲ್ಲ. ಬ್ರೂವರಿಗೆ ಒಂದು ಸಾಲು ಬರೆದು ಕೇಳಿ, ಸಣ್ಣ ಬ್ರೂವರಿಗಳವರು ಸಾಮಾನ್ಯವಾಗಿ ಉತ್ತರಿಸುತ್ತಾರೆ. ಲೇಬಲ್ ಮೇಲೆ ‘ಮಿಲ್ಕ್ ಸ್ಟೌಟ್’ ಎಂದಿದ್ದರೆ ಅದರಲ್ಲಿ ಹಾಲಿನ ಸಕ್ಕರೆ ಇರುತ್ತದೆ. ಹಾಲು ಒಗ್ಗದವರು ಅದನ್ನು ಬಿಡಬೇಕು.